ಪ್ರೆಪ್ ಸ್ಕೂಲ್ ಸೇರಿಸುವ ಮೊದಲು ‘ಯಾವುದಕ್ಕೆ ಪ್ರೆಪ್?’ ಅಂತ ಕೇಳಿ

ನಮ್ಮ ಕಡೆ ಪ್ರಿಪರೇಟರಿ ಅಂದರೆ ಒಂದೇ ಅರ್ಥ. ಎಸ್ಸೆಸ್ಸೆಲ್ಸಿ ಪಬ್ಲಿಕ್ ಪರೀಕ್ಷೆಗೆ ಮುಂಚೆ ಬರುವ, ಮಕ್ಕಳಿಗಿಂತ ಮನೆಯವರಿಗೇ ಜಾಸ್ತಿ ಜ್ವರ ಬರಿಸುವ ಪರೀಕ್ಷೆ. ಹಾಗಾಗಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಹೊಸತರಲ್ಲಿ ‘ಮಗನಿಗೆ ಪ್ರೆಪ್ ಸ್ಕೂಲ್ ನೋಡ್ತಾ ಇದೀವಿ’ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಗಾಬರಿಯಾದರು. ‘ಅಯ್ಯೋ, ಏಳು ವರ್ಷದ ಮಗೂಗೆ ಈಗ್ಲೇ ಪ್ರಿಪರೇಟರಿನಾ? ಅಲ್ಲಿ ಹತ್ತನೇ ಕ್ಲಾಸು ಅಷ್ಟು ಬೇಗ ಬರುತ್ತಾ?’

ನಾವೆಲ್ಲ ನಕ್ಕೆವು. ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ ಅಂತ ಗೊತ್ತಾಗುವ ಹೊತ್ತಿಗೆ ಒಂದು ಟರ್ಮಿನ ಫೀಸು ಸುಮ್ನೆ ಕಟ್ಟಿದ್ದೆವು. ಆ ಕಥೆ ಆಮೇಲೆ.

ಈಗ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮೂರು ದೇಶದ ಪ್ರೆಪ್ ಇದೆ. ನನ್ನ ಮಗ ಹತ್ತಿರಹತ್ತಿರ ಎರಡು ವರ್ಷ ಇಂಗ್ಲೆಂಡಿನ ಪ್ರೆಪ್‌ನಲ್ಲಿ ಓದಿದ. ಮೆಲ್ಬರ್ನ್‌ನಲ್ಲಿರುವ ತಮ್ಮನ ಮಗಳೂ ‘ಪ್ರೆಪ್’ನಲ್ಲಿದ್ದಾಳೆ, ಅವಳಿಗೆ ಐದು ವರ್ಷ. ನ್ಯೂಜೆರ್ಸಿಯ ಅಕ್ಕನ ಮಗ ‘ಪ್ರೆಪ್ ಸ್ಕೂಲ್’ಗೆ ಅರ್ಜಿ ಹಾಕುತ್ತಿದ್ದಾನೆ, ಅವನಿಗೆ ಆಗಲೇ ಮೀಸೆ ಚಿಗುರುತ್ತಿದೆ. ಗ್ರೂಪಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಸಲಹೆ ಕೊಟ್ಟು ಕೊಟ್ಟು ಎಲ್ಲರ ತಲೆಯೂ ಕೆಟ್ಟ ಮೇಲೆ ಇದನ್ನು ಬರೆಯಲು ಕೂತೆ. ಕೆಲಸದ ಮೇಲೆ ಹೊರದೇಶಕ್ಕೆ ಹೊರಟವರಿಗೆ, ಅಲ್ಲಿಗೆ ಹೋಗಿ ಶಾಲೆ ಹುಡುಕುತ್ತಿರುವವರಿಗೆ ಇದು.

ಮೊದಲು ಮಾಡಬೇಕಾದ್ದು ಇಷ್ಟೇ. ಪ್ರೆಪ್ ಅಂತ ಬೋರ್ಡು ಕಂಡ ಕೂಡಲೇ ‘ಯಾವುದಕ್ಕೆ ತಯಾರಿ?’ ಅಂತ ಕೇಳಿ. ಇಂಗ್ಲೆಂಡಿನಲ್ಲಾದರೆ ಇನ್ನೊಂದು ದೊಡ್ಡ ಖಾಸಗಿ ಶಾಲೆಗೆ. ಅಮೆರಿಕದಲ್ಲಾದರೆ ಕಾಲೇಜಿಗೆ. ಆಸ್ಟ್ರೇಲಿಯಾದ ಕೆಲವು ರಾಜ್ಯಗಳಲ್ಲಾದರೆ ಒಂದನೇ ಕ್ಲಾಸಿಗೆ. ಉತ್ತರ ಬದಲಾದರೆ ಮಗುವಿನ ವಯಸ್ಸು, ಪರೀಕ್ಷೆ, ಖರ್ಚು ಎಲ್ಲವೂ ಬದಲಾಗುತ್ತದೆ.

ಇಂಗ್ಲೆಂಡ್: ಹನ್ನೊಂದಕ್ಕೋ, ಹದಿಮೂರಕ್ಕೋ?

ಇಲ್ಲಿ ಪ್ರೆಪ್ ಅಂದರೆ ಫೀಸು ಕಟ್ಟಿ ಓದಿಸುವ ಖಾಸಗಿ ಪ್ರೈಮರಿ ಶಾಲೆ. ಏಳೆಂಟು ವರ್ಷಕ್ಕೆ ಶುರುವಾಗಿ ಹನ್ನೊಂದಕ್ಕೋ ಹದಿಮೂರಕ್ಕೋ ಮುಗಿಯುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳ ವಿಭಾಗಕ್ಕೆ ಪ್ರೀ-ಪ್ರೆಪ್ ಅನ್ನುತ್ತಾರೆ. ತಯಾರಿಗೂ ಮುಂಚಿನ ತಯಾರಿ! ಮೊದಲ ಸಲ ಕೇಳಿದಾಗ ತಮಾಷೆ ಮಾಡ್ತಿದಾರೆ ಅಂದುಕೊಂಡಿದ್ದೆ.

ಈ ಹದಿಮೂರು ಎಲ್ಲಿಂದ ಬಂತು? ಈಟನ್, ಹ್ಯಾರೋ, ವಿಂಚೆಸ್ಟರ್ ಥರದ ಹಳೆಯ ಬೋರ್ಡಿಂಗ್ ಶಾಲೆಗಳು ಹುಡುಗರನ್ನು ಹದಿಮೂರಕ್ಕೆ ಸೇರಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ಮಕ್ಕಳನ್ನು ಲ್ಯಾಟಿನ್, ಗಣಿತ ಕಲಿಸಿ ಸಜ್ಜು ಮಾಡಲು 19ನೇ ಶತಮಾನದಲ್ಲಿ ಹಳ್ಳಿಗಾಡಿನ ಬಂಗಲೆಗಳಲ್ಲಿ ಚಿಕ್ಕ ಚಿಕ್ಕ ಶಾಲೆಗಳು ಹುಟ್ಟಿಕೊಂಡವು. ಆಕ್ಸ್‌ಫರ್ಡಿನ ಡ್ರ್ಯಾಗನ್ ಸ್ಕೂಲ್ 1877ರದು. ಇಂಥ ಶಾಲೆಗಳದ್ದೇ ಸಂಘ ಐಎಪಿಎಸ್, ಅದು 1892ರದು. ದಾಟಬೇಕಾದ ಹೊಸ್ತಿಲಿಗೆ ‘ಕಾಮನ್ ಎಂಟ್ರೆನ್ಸ್’ ಅಂತ ಹೆಸರು, ಹದಿಮೂರನೇ ವಯಸ್ಸಿನ ಪರೀಕ್ಷೆ. ಆದರೆ ಈಗ ಅನೇಕ ದೊಡ್ಡ ಶಾಲೆಗಳು ಮಗು ಹತ್ತು, ಹನ್ನೊಂದು ವರ್ಷದಲ್ಲಿರುವಾಗಲೇ, ಅಂದರೆ ಇಯರ್ 6ರಲ್ಲೇ, ಕಂಪ್ಯೂಟರ್ ಮೇಲೆ ಪ್ರೀ-ಟೆಸ್ಟ್ ತೆಗೆದುಕೊಂಡು ಸೀಟು ಹೆಚ್ಚುಕಮ್ಮಿ ನಿರ್ಧಾರ ಮಾಡಿಬಿಡುತ್ತವೆ. ಈಟನ್‌ಗೆ ಇಯರ್ 5ರಲ್ಲೇ ಹೆಸರು ಬರೆಸಬೇಕು. ‘ಹದಿಮೂರಕ್ಕೆ ತಾನೇ, ಇನ್ನೂ ಟೈಮಿದೆ’ ಅಂತ ಕೂತವರಿಗೆ ಟೈಮ್ ಇರುವುದಿಲ್ಲ.

ಹೆಣ್ಣುಮಕ್ಕಳ ಶಾಲೆಗಳು ಮುಂಚಿನಿಂದಲೂ ಹೆಚ್ಚಾಗಿ ಹನ್ನೊಂದಕ್ಕೆ ಸೇರಿಸಿಕೊಳ್ಳುತ್ತವೆ. ಹಾಗಾಗಿ ಹದಿಮೂರರವರೆಗೆ ನಡೆಯುವ ಪ್ರೆಪ್‌ನಲ್ಲಿ ಮಗಳನ್ನು ಹಾಕುವವರು ಒಂದು ಮಾತು ವಿಚಾರಿಸಿ: ಇಯರ್ 6 ಮುಗಿದ ಮೇಲೆ ಕ್ಲಾಸಿನಲ್ಲಿ ಎಷ್ಟು ಹುಡುಗಿಯರು ಉಳಿಯುತ್ತಾರೆ?

ಈಗ ನಮ್ಮ ಕಥೆ. ರೆಡಿಂಗ್‌ನಲ್ಲಿ ಎರಡು ಗ್ರಾಮರ್ ಶಾಲೆಗಳಿವೆ, ಹುಡುಗರಿಗೆ ರೆಡಿಂಗ್ ಸ್ಕೂಲ್, ಹುಡುಗಿಯರಿಗೆ ಕೆಂಡ್ರಿಕ್. ಎರಡೂ ಸರ್ಕಾರಿ, ಪಾಠಕ್ಕೆ ಫೀಸಿಲ್ಲ, ಆದರೆ ಹನ್ನೊಂದಕ್ಕೆ ಸೇರಲು ‘ಇಲೆವೆನ್ ಪ್ಲಸ್’ ಪರೀಕ್ಷೆ ಪಾಸಾಗಬೇಕು. ನಮ್ಮ ಜನ ಈ ಊರಿನ ಸುತ್ತ ಮನೆ ಹುಡುಕುವುದಕ್ಕೆ ಇದೂ ಒಂದು ಕಾರಣ. ನಮ್ಮ ಲೆಕ್ಕಾಚಾರವೂ ಅದೇ ಆಗಿತ್ತು: ನಾಲ್ಕು ವರ್ಷ ಪ್ರೆಪ್‌ನಲ್ಲಿ ಓದಿಸೋಣ, ಚೆನ್ನಾಗಿ ತಯಾರಾಗ್ತಾನೆ, ಆಮೇಲೆ ಗ್ರಾಮರ್. ಹೆಸರೇ ಪ್ರೆಪ್, ಅಲ್ವಾ?

ಓಪನ್ ಡೇ ದಿನ ಶಾಲೆ ನೋಡಲು ಹೋದೆವು. ಬಾಗಿಲ ಪಕ್ಕ ಕೆಸರು ಮೆತ್ತಿದ ಪುಟ್ಟ ಬೂಟುಗಳ ಸಾಲು, ಪ್ರತಿ ಕೊಕ್ಕೆಗೂ ಒಂದೊಂದು ಹೆಸರಿನ ಚೀಟಿ. ಊಟದ ಹಾಲಿನ ಗೋಡೆ ತುಂಬ ದೊಡ್ಡ ದೊಡ್ಡ ಮರದ ಹಲಗೆಗಳು, ಅದರ ಮೇಲೆ ಬಂಗಾರದ ಅಕ್ಷರದಲ್ಲಿ ಮಕ್ಕಳ ಹೆಸರು, ಇಸವಿ, ಮುಂದೆ ಸ್ಕಾಲರ್‌ಶಿಪ್ ಸಿಕ್ಕಿದ ಶಾಲೆಯ ಹೆಸರು. ನಾನು ಅದರ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಓದಲಿಲ್ಲ. ಓದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆ ಹಲಗೆಯಲ್ಲಿದ್ದುದೆಲ್ಲ ಹದಿಮೂರಕ್ಕೆ ಸೇರುವ ಖಾಸಗಿ ಬೋರ್ಡಿಂಗ್ ಶಾಲೆಗಳು. ಗ್ರಾಮರ್ ಶಾಲೆಯ ಹೆಸರು ಒಂದೂ ಇರಲಿಲ್ಲ.

ಇಯರ್ 4ರ ಹೊತ್ತಿಗೆ ಮಗ ಲ್ಯಾಟಿನ್‌ನಲ್ಲಿ ಏನೇನೋ ಹೇಳುತ್ತಿದ್ದ, ರಗ್ಬಿ ಆಡಿ ಮೊಣಕಾಲು ಕೆತ್ತಿಸಿಕೊಂಡು ಬರುತ್ತಿದ್ದ, ಖುಷಿಯಾಗಿಯೂ ಇದ್ದ. ಆದರೆ ಇಲೆವೆನ್ ಪ್ಲಸ್‌ಗೆ ಬೇಕಾದ ಅಭ್ಯಾಸ ಇಲ್ಲಿ ಮಾಡಿಸುತ್ತೀರಾ ಅಂತ ಕೇಳಿದರೆ ಟೀಚರು ಬಹಳ ವಿನಯದಿಂದ ‘ನಮ್ಮ ಮಕ್ಕಳು ಹದಿಮೂರರವರೆಗೆ ಇಲ್ಲೇ ಇರುತ್ತಾರಲ್ಲ’ ಅಂದರು. ಫೆಬ್ರವರಿಯಲ್ಲಿ ಯೋಚನೆ ಮಾಡಿ, ಈಸ್ಟರ್ ರಜೆಗೆ ಬಿಡಿಸುತ್ತೇವೆ ಅಂತ ಪತ್ರ ಕೊಟ್ಟೆವು. ಆಗ ಒಪ್ಪಂದದ ಪುಟ ತೋರಿಸಿದರು. ಬಿಡುವುದಿದ್ದರೆ ಪೂರ್ತಿ ಒಂದು ಟರ್ಮ್ ಮುಂಚೆ, ಅದೂ ಆ ಟರ್ಮ್ ಶುರುವಾಗುವ ಮೊದಲೇ ಬರೆದು ತಿಳಿಸಬೇಕು. ಇಲ್ಲದಿದ್ದರೆ ಮುಂದಿನ ಟರ್ಮಿನ ಫೀಸು ಕಟ್ಟಬೇಕು. ಇದು ಇಲ್ಲಿನ ಖಾಸಗಿ ಶಾಲೆಗಳಲ್ಲಿ ಮಾಮೂಲಿ ನಿಯಮ. ತಪ್ಪು ಅವರದಲ್ಲ, ಓದದೆ ಸಹಿ ಹಾಕಿದವರು ನಾವು. ಮಗ ಬೇರೆ ಶಾಲೆಯಲ್ಲಿ ಕೂತಿದ್ದ, ನಾವು ಹಳೆಯ ಶಾಲೆಗೆ ದುಡ್ಡು ಕಟ್ಟುತ್ತಿದ್ದೆವು.

ಅದಕ್ಕೇ ಹೇಳುವುದು: ಇಂಗ್ಲೆಂಡಿನ ಪ್ರೆಪ್ ನೋಡಲು ಹೋದರೆ ಈಜುಕೊಳ ಆಮೇಲೆ ನೋಡಿ, ಮೊದಲು ಆ ಹಲಗೆ ಓದಿ. ಹಲಗೆಯಲ್ಲಿ ಸ್ಕಾಲರ್‌ಶಿಪ್ ಪಡೆದವರು ಮಾತ್ರ ಇರುತ್ತಾರೆ, ಆದ್ದರಿಂದ ಹೋದ ವರ್ಷ ಶಾಲೆ ಬಿಟ್ಟ ಎಲ್ಲ ಮಕ್ಕಳು ಎಲ್ಲೆಲ್ಲಿಗೆ ಹೋದರು ಅನ್ನುವ ಪಟ್ಟಿಯನ್ನೂ ಕೇಳಿ. ಕೊಡುತ್ತಾರೆ. ಶಾಲೆಯ ತಪಾಸಣೆ ವರದಿಯೂ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕೆಲವು ಖಾಸಗಿ ಶಾಲೆಗಳನ್ನು ಐಎಸ್ಐ (ಇಂಡಿಪೆಂಡೆಂಟ್ ಸ್ಕೂಲ್ಸ್ ಇನ್‌ಸ್ಪೆಕ್ಟರೇಟ್) ನೋಡುತ್ತದೆ, ಉಳಿದವನ್ನು ಸರ್ಕಾರದ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್.

ಫೀಸಿನ ವಿಷಯ. 2025ರ ಜನವರಿ 1ರಿಂದ ಖಾಸಗಿ ಶಾಲೆ ಫೀಸಿನ ಮೇಲೆ 20% ವ್ಯಾಟ್ ಬಿದ್ದಿದೆ. ಯಾರಾದರೂ ಫೀಸು ಇಷ್ಟು ಅಂತ ಹೇಳಿದರೆ ವ್ಯಾಟ್ ಸೇರಿಸಿಯೋ ಬಿಟ್ಟೋ ಅಂತ ಕೇಳಿ. ಬಸ್ಸು, ಪ್ರವಾಸ, ಪಿಯಾನೋ ಪಾಠ ಬೇರೆ ಇರುತ್ತವೆ, ಮಧ್ಯಾಹ್ನದ ಊಟ ಕೆಲವು ಕಡೆ ಸೇರಿರುತ್ತದೆ, ಕೆಲವು ಕಡೆ ಇಲ್ಲ. ಬೋರ್ಡಿಂಗ್ ಇರುವ ಎಷ್ಟೋ ಪ್ರೆಪ್‌ಗಳಲ್ಲಿ ಶನಿವಾರವೂ ಕ್ಲಾಸು ಇರುತ್ತದೆ. ಶನಿವಾರ ಕನ್ನಡ ಕಲಿ ತರಗತಿಗೆ ಕಳಿಸುವ ಆಸೆ ಇದ್ದರೆ ಇದನ್ನೂ ವಿಚಾರಿಸಿ.

ಇನ್ನೊಂದು ಸಣ್ಣ ಗೊಂದಲ. ಮಗ ಸಂಜೆ ಬಂದು ‘ಅಪ್ಪಾ, ಪ್ರೆಪ್ ಇದೆ’ ಅಂದರೆ ಅದು ಹೋಮ್‌ವರ್ಕ್. ಬೋರ್ಡಿಂಗ್ ಶಾಲೆಗಳಲ್ಲಿ ಸಂಜೆ ಎಲ್ಲರನ್ನೂ ಕೂರಿಸಿ ಓದಿಸುವ ಹೊತ್ತಿಗೂ ಪ್ರೆಪ್ ಅಂತಲೇ ಹೆಸರು. ನಮ್ಮ ಕೊಡಗಿನ, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕ: ಒಂಬತ್ತರಿಂದ ಹನ್ನೆರಡು

ಅಮೆರಿಕದಲ್ಲಿ ಪ್ರೆಪ್ ಸ್ಕೂಲ್ ಅಂದರೆ ಕಾಲೇಜಿಗೆ ತಯಾರು ಮಾಡುವ ಖಾಸಗಿ ಹೈಸ್ಕೂಲು. ಒಂಬತ್ತರಿಂದ ಹನ್ನೆರಡನೇ ಗ್ರೇಡ್, ಹದಿನಾಲ್ಕರಿಂದ ಹದಿನೆಂಟು ವರ್ಷ. ಅಂದರೆ ಇಂಗ್ಲೆಂಡಿನ ಪ್ರೆಪ್ ಎಲ್ಲಿ ಮುಗಿಯುತ್ತದೋ ಸರಿಸುಮಾರು ಅಲ್ಲಿ ಅಮೆರಿಕದ್ದು ಶುರು. ಮ್ಯಾಸಚೂಸೆಟ್ಸ್‌ನ ಫಿಲಿಪ್ಸ್ ಅಕಾಡೆಮಿ, ಎಲ್ಲರೂ ಆಂಡೋವರ್ ಅಂತ ಕರೆಯುವುದು, 1778ರದು. ನ್ಯೂ ಹ್ಯಾಂಪ್‌ಶೈರ್‌ನ ಫಿಲಿಪ್ಸ್ ಎಕ್ಸಿಟರ್ 1781ರದು. ನ್ಯೂಜೆರ್ಸಿಯವರಿಗೆ ಹತ್ತಿರದ್ದು 1810ರ ಲಾರೆನ್ಸ್‌ವಿಲ್. ಎಕ್ಸಿಟರ್‌ನಲ್ಲಿ ಹನ್ನೆರಡು, ಹದಿಮೂರು ಮಕ್ಕಳು ಒಂದು ಮೊಟ್ಟೆಯಾಕಾರದ ಮೇಜಿನ ಸುತ್ತ ಕೂತು ಮೇಷ್ಟರ ಜೊತೆ ಚರ್ಚೆ ಮಾಡುತ್ತಾ ಕಲಿಯುತ್ತಾರೆ. ಹಾರ್ಕ್‌ನೆಸ್ ಟೇಬಲ್ ಅಂತ ಅದರ ಹೆಸರು. ನಮ್ಮ ಮಕ್ಕಳು ಬರೆಯುವುದರಲ್ಲಿ ಮುಂದೆ, ಬಾಯಿ ಬಿಡುವುದರಲ್ಲಿ ಹಿಂದೆ. ಇಂಥ ಶಾಲೆಗೆ ಕಳಿಸುವ ಆಸೆ ಇದ್ದರೆ ಈಗಿನಿಂದಲೇ ಊಟದ ಮೇಜಿನ ಮೇಲೆ ಜಗಳವಾಡಲು ಬಿಡಿ.

ಅರ್ಜಿಗೆ ಎಸ್ಎಸ್ಎಟಿ ಅಥವಾ ಐಎಸ್ಇಇ ಪರೀಕ್ಷೆ, ಟೀಚರುಗಳ ಶಿಫಾರಸು, ಇಂಟರ್‌ವ್ಯೂ. ದೊಡ್ಡ ಬೋರ್ಡಿಂಗ್ ಶಾಲೆಗಳಿಗೆ ಕೊನೆಯ ದಿನ ಸಾಮಾನ್ಯವಾಗಿ ಜನವರಿ ಮಧ್ಯದಲ್ಲಿ, ಫಲಿತಾಂಶ ಮಾರ್ಚ್ 10ರ ಆಸುಪಾಸು, ಸೇರುವುದು ಸೆಪ್ಟೆಂಬರ್ ಹೊತ್ತಿಗೆ. ಆಂಡೋವರ್ ಥರದ ಶಾಲೆಯ ಹಾಸ್ಟೆಲ್ ಸೇರಿದ ವಾರ್ಷಿಕ ಫೀಸು 70 ಸಾವಿರ ಡಾಲರ್ ದಾಟಿದೆ. ಈ ಅಂಕಿ ನೋಡಿ ಓಡಬೇಡಿ. ಇಂಥ ಹಳೆಯ ಶಾಲೆಗಳ ಹತ್ತಿರ ದಾನದ ಹಣ ಬೇಕಾದಷ್ಟಿದೆ, ಮನೆಯ ಆದಾಯ ನೋಡಿ ಫೀಸು ಇಳಿಸುತ್ತಾರೆ. ಆದರೆ ಆ ಅರ್ಜಿಯನ್ನು ಅಡ್ಮಿಷನ್ ಅರ್ಜಿಯ ಜೊತೆಗೇ ಹಾಕಬೇಕು. ಸೀಟು ಸಿಕ್ಕ ಮೇಲೆ ಕೇಳೋಣ ಅನ್ನುವ ನಮ್ಮ ಸಂಕೋಚ ಇಲ್ಲಿ ನಡೆಯುವುದಿಲ್ಲ.

ಹೆಸರು ನೋಡಿ ಮೋಸ ಹೋಗುವ ಜಾಗ ಇನ್ನೊಂದಿದೆ. ಅಮೆರಿಕದಲ್ಲಿ ‘ಕಾಲೇಜ್ ಪ್ರೆಪ್’ ಅಂತ ಬೋರ್ಡು ಹಾಕಿಕೊಂಡ ಎಷ್ಟೋ ಶಾಲೆಗಳು ಚಾರ್ಟರ್ ಶಾಲೆಗಳು. ಸರ್ಕಾರದ ದುಡ್ಡಿನಲ್ಲಿ ನಡೆಯುವಂಥವು, ಫೀಸೇ ಇಲ್ಲ, ಜಾಸ್ತಿ ಅರ್ಜಿ ಬಂದರೆ ಲಾಟರಿ ಎತ್ತುತ್ತಾರೆ. ಪ್ರೆಪ್ ಅಂತ ಇದೆ, ನಮ್ಮ ಕೈಗೆ ನಿಲುಕದ್ದು ಅಂತ ಅಕ್ಕ ಒಂದು ಒಳ್ಳೆಯ ಶಾಲೆಯನ್ನು ಪಟ್ಟಿಯಿಂದಲೇ ಹೊಡೆದು ಹಾಕಿದ್ದಳು. ಇನ್ನು ಇಂಗ್ಲೆಂಡ್ ಥರದ ಪ್ರೆಪ್ ಅಲ್ಲಿ ಇಲ್ಲವೇ ಅಂದರೆ, ಇದೆ. ಅದಕ್ಕೆ ‘ಜೂನಿಯರ್ ಬೋರ್ಡಿಂಗ್’ ಅನ್ನುತ್ತಾರೆ, 1866ರಿಂದ ಇರುವ ಫೇ ಸ್ಕೂಲ್ ಅಂಥದ್ದು.

ವೀಸಾ ಒಂದು ಮಾತು. ಅಪ್ಪ ಅಮ್ಮನ ಕೆಲಸದ ಮೇಲೆ ಎಚ್-4, ಎಲ್-2ನಲ್ಲಿ ಇರುವ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲದೆ ಓದಬಹುದು. ಮಗು ಒಂದೇ ಎಫ್-1, ಅಂದರೆ ವಿದ್ಯಾರ್ಥಿ ವೀಸಾದ ಮೇಲೆ ಹೋಗುವುದಾದರೆ ಸರ್ಕಾರಿ ಹೈಸ್ಕೂಲಿನಲ್ಲಿ ಹೆಚ್ಚೆಂದರೆ 12 ತಿಂಗಳು, ಅದೂ ಪೂರ್ತಿ ಖರ್ಚು ಕೈಯಿಂದ ಕಟ್ಟಿ. ಖಾಸಗಿ ಶಾಲೆಗೆ ಈ ಮಿತಿ ಇಲ್ಲ. ಹಾಗಾಗಿಯೇ ಹೊರದೇಶದ ಮಕ್ಕಳು ಪ್ರೆಪ್‌ಗಳಲ್ಲಿ ಅಷ್ಟೊಂದು ಕಾಣುವುದು.

ಆಸ್ಟ್ರೇಲಿಯಾ: ಗಡಿ ದಾಟಿದರೆ ಹೆಸರು ಬೇರೆ

ತಮ್ಮ ‘ಮಗಳಿಗೆ ಪ್ರೆಪ್‌ನಲ್ಲಿ ಸೀಟಾಯ್ತು, ಸರ್ಕಾರಿ ಶಾಲೆ, ಫೀಸಿಲ್ಲ’ ಅಂದಾಗ ನನಗೆ ಹೊಟ್ಟೆಕಿಚ್ಚಾಯಿತು. ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ಟಾಸ್ಮೇನಿಯಾದಲ್ಲಿ ಪ್ರೆಪ್ ಅಂದರೆ ಒಂದನೇ ಕ್ಲಾಸಿಗೆ ಮುಂಚಿನ ವರ್ಷ, ನಮ್ಮ ಯುಕೆಜಿ ಇದ್ದ ಹಾಗೆ. ಎಲ್ಲ ಪ್ರೈಮರಿ ಶಾಲೆಯಲ್ಲೂ ಇರುತ್ತದೆ. ಅದೇ ವರ್ಷಕ್ಕೆ ಸಿಡ್ನಿಯಲ್ಲಿ ಕಿಂಡರ್‌ಗಾರ್ಟನ್, ಅಡಿಲೇಡ್‌ನಲ್ಲಿ ರಿಸೆಪ್ಷನ್, ಪರ್ತ್‌ನಲ್ಲಿ ಪ್ರೀ-ಪ್ರೈಮರಿ, ಡಾರ್ವಿನ್‌ನಲ್ಲಿ ಟ್ರಾನ್ಸಿಷನ್. ಹುಬ್ಬಳ್ಳಿಯಿಂದ ಮೈಸೂರಿಗೆ ಬಂದರೆ ರೊಟ್ಟಿಯ ಹೆಸರು ಬದಲಾಗುವುದಿಲ್ಲ, ಅಲ್ಲಿ ಯುಕೆಜಿಯ ಹೆಸರೇ ಬದಲಾಗುತ್ತದೆ.

ಹೆಸರಿಗಿಂತ ಹುಟ್ಟಿದ ದಿನ ಮುಖ್ಯ. ಒಂದು ಲೆಕ್ಕ ಹಾಕಿ ನೋಡೋಣ. ಮಗು ಹುಟ್ಟಿದ್ದು 2016ರ ಜೂನ್ 15. ವಿಕ್ಟೋರಿಯಾದಲ್ಲಿ ಪ್ರೆಪ್ ಸೇರುವ ವರ್ಷದ ಏಪ್ರಿಲ್ 30ರೊಳಗೆ ಐದು ತುಂಬಬೇಕು. ಈ ಮಗುವಿಗೆ 2021ರ ಜೂನ್‌ನಲ್ಲಿ ಐದಾಯಿತು, ಹಾಗಾಗಿ 2022ಕ್ಕೆ ಪ್ರೆಪ್, 2025ರಲ್ಲಿ ಮೂರನೇ ಕ್ಲಾಸು. ಕ್ವೀನ್ಸ್‌ಲ್ಯಾಂಡಿನಲ್ಲಿ ಗಡಿ ಜೂನ್ 30. ಅಲ್ಲಿ ಇದೇ ಮಗು 2021ರಲ್ಲೇ ಪ್ರೆಪ್ ಸೇರಿ, 2025ಕ್ಕೆ ನಾಲ್ಕನೇ ಕ್ಲಾಸಿನಲ್ಲಿರಬಹುದು. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 1ಕ್ಕೆ ಒಂಬತ್ತು ತುಂಬಿರುವುದರಿಂದ 2025ರ ಸೆಪ್ಟೆಂಬರ್‌ಗೆ ಇಯರ್ 5. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕನೇ ಗ್ರೇಡ್. ಒಂದೇ ಮಗು! ಆದ್ದರಿಂದ ಅರ್ಜಿಯಲ್ಲಿ ‘ನಾಲ್ಕನೇ ಕ್ಲಾಸು ಪಾಸು’ ಅಂತ ಮಾತ್ರ ಬರೆಯಬೇಡಿ. ಹುಟ್ಟಿದ ದಿನಾಂಕ ಬರೆದು, ಯಾವ ಕ್ಲಾಸು ಅಂತ ಅವರಿಂದಲೇ ಹೇಳಿಸಿ. ಆಸ್ಟ್ರೇಲಿಯಾದಲ್ಲಿ ಶಾಲೆ ಶುರುವಾಗುವುದು ಜನವರಿ ಕೊನೆಗೆ, ಹಾಗಾಗಿ ನಮ್ಮ ಮಾರ್ಚ್ ಪರೀಕ್ಷೆ ಮುಗಿಸಿ ಹೋದರೆ ವರ್ಷದ ನಡುವೆ ಸೇರಿದಂತಾಗುತ್ತದೆ.

ಇಷ್ಟರಲ್ಲೇ ಮುಗಿಯಲಿಲ್ಲ. ಸಿಡ್ನಿ, ಮೆಲ್ಬರ್ನ್‌ನ ದೊಡ್ಡ ಖಾಸಗಿ ಶಾಲೆಗಳು ತಮ್ಮ ಪ್ರೈಮರಿ ವಿಭಾಗಕ್ಕೆ ಇಂಗ್ಲೆಂಡಿನ ಹಳೆಯ ಚಾಳಿಯಂತೆ ‘ಪ್ರಿಪರೇಟರಿ ಸ್ಕೂಲ್’ ಅಂತ ಹೆಸರಿಟ್ಟಿವೆ. ಸಿಡ್ನಿ ಗ್ರಾಮರ್‌ಗೆ ಎಜ್‌ಕ್ಲಿಫ್ ಮತ್ತು ಸೇಂಟ್ ಐವ್ಸ್‌ನಲ್ಲಿ ಎರಡು ಪ್ರೆಪ್ ಇವೆ. ಅಂದ ಹಾಗೆ ‘ಗ್ರಾಮರ್’ ಅಂತ ಇದ್ದರೆ ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಸರ್ಕಾರಿ, ಆಸ್ಟ್ರೇಲಿಯಾದಲ್ಲಿ ಬಹುತೇಕ ಖಾಸಗಿ. ನಾನು ಗ್ರಾಮರ್ ಸೇರಿಸು, ಫೀಸಿಲ್ಲ ಅಂತ ತಮ್ಮನಿಗೆ ಉಪದೇಶ ಮಾಡಿ ಒಂದು ವಾರ ಬೈಸಿಕೊಂಡೆ. ಅಲ್ಲಿನವರು ‘ಮೈ ಸ್ಕೂಲ್’ ವೆಬ್‌ಸೈಟ್ ನೋಡಿ. ಸರ್ಕಾರಿ, ಖಾಸಗಿ ಎರಡೂ ಶಾಲೆಗಳ ಫಲಿತಾಂಶ, ಹಣಕಾಸು ಅದರಲ್ಲಿ ಸಿಗುತ್ತದೆ.

ಉಳಿದ ದೇಶಗಳದ್ದು ಬೇಗ ಹೇಳುತ್ತೇನೆ. ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾದ ಪ್ರೆಪ್ ಇಂಗ್ಲೆಂಡಿಗೆ ಹತ್ತಿರ, ಒಂದರಲ್ಲಿ ಇಯರ್ 8ರವರೆಗೆ, ಇನ್ನೊಂದರಲ್ಲಿ ಗ್ರೇಡ್ 7ರವರೆಗೆ. ದಕ್ಷಿಣ ಆಫ್ರಿಕಾದಲ್ಲಿ ಪ್ರೆಪ್ ಅಂತ ಹೆಸರಿದ್ದೂ ಸರ್ಕಾರಿ ಆಗಿರಬಹುದು, ಕೇಪ್ ಟೌನಿನ ರಾಂಡೆಬಾಶ್ ಬಾಯ್ಸ್ ಪ್ರೆಪ್ ಹಾಗೇ, ಆದರೂ ಫೀಸು ಇದೆ. ಕೆನಡಾದಲ್ಲಿ ಎರಡೂ ಅರ್ಥ ನಡೆಯುತ್ತದೆ. ಟೊರಾಂಟೋದ ಅಪ್ಪರ್ ಕೆನಡಾ ಕಾಲೇಜ್, ಹೆಸರು ಕಾಲೇಜ್, ಇರುವುದು ಶಾಲೆ, ಅದರ ಚಿಕ್ಕ ಮಕ್ಕಳ ವಿಭಾಗಕ್ಕೆ ಪ್ರೆಪ್ ಅನ್ನುತ್ತಾರೆ.

‘ಪಬ್ಲಿಕ್’ ಅನ್ನುವ ಇನ್ನೊಂದು ಗುಂಡಿ

ಪ್ರೆಪ್ ಯಾವುದಕ್ಕೆ ಅಂತ ಇಂಗ್ಲೆಂಡಿನಲ್ಲಿ ಕೇಳಿದರೆ ‘ಪಬ್ಲಿಕ್ ಸ್ಕೂಲ್‌ಗೆ’ ಅನ್ನಬಹುದು. ಓಹೋ ಸರ್ಕಾರಿ ಶಾಲೆಗೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಪಬ್ಲಿಕ್ ಅಂದರೆ ಹಳೆಯ, ದುಬಾರಿ ಖಾಸಗಿ ಶಾಲೆ. ಯಾವ ಊರಿನವರಾದರೂ ದುಡ್ಡು ಕಟ್ಟಿ ಓದಬಹುದು ಅನ್ನುವ ಅರ್ಥದಲ್ಲಿ ಬಂದ ಹೆಸರು. 1868ರ ಪಬ್ಲಿಕ್ ಸ್ಕೂಲ್ಸ್ ಆ್ಯಕ್ಟ್‌ನಲ್ಲಿ ಈಟನ್, ಹ್ಯಾರೋ ಸೇರಿ ಏಳು ಶಾಲೆಗಳಿದ್ದವು. ಅಮೆರಿಕ, ಕೆನಡಾದಲ್ಲಿ ಪಬ್ಲಿಕ್ ಅಂದರೆ ಸರ್ಕಾರಿ. ಆಸ್ಟ್ರೇಲಿಯಾದಲ್ಲೂ ಸರ್ಕಾರಿಯೇ, ಆದರೆ ಸಿಡ್ನಿಯ ‘ಗ್ರೇಟ್ ಪಬ್ಲಿಕ್ ಸ್ಕೂಲ್ಸ್’ ಕೂಟದಲ್ಲಿ ಸಿಡ್ನಿ ಬಾಯ್ಸ್ ಹೈಸ್ಕೂಲ್ ಒಂದು ಬಿಟ್ಟರೆ ಉಳಿದವೆಲ್ಲ ಖಾಸಗಿ. ನಮಗೆ ಇದು ಹೊಸದಲ್ಲ ಬಿಡಿ. ನಮ್ಮಲ್ಲೂ ಬೀದಿಗೊಂದು ಖಾಸಗಿ ‘ಪಬ್ಲಿಕ್ ಸ್ಕೂಲ್’ ಇದೆ, ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆಯೂ ಇದೆ. ಪ್ರೆಪ್‌ನ ಮೂಲ ಅರ್ಥವೂ ಭಾರತಕ್ಕೆ ಬಂದಿತ್ತು. 1935ರಲ್ಲಿ ಡೆಹ್ರಾಡೂನಿನಲ್ಲಿ ಡೂನ್ ಸ್ಕೂಲ್ ಶುರುವಾಯಿತು, ಅದಕ್ಕೆ ಹುಡುಗರನ್ನು ತಯಾರು ಮಾಡಲು 1937ರಲ್ಲಿ ಅದೇ ಊರಿನಲ್ಲಿ ವೆಲ್ಹಮ್ ಪ್ರಿಪರೇಟರಿ ಶುರುವಾಯಿತು.

ಫೋನ್ ಮಾಡಿದಾಗ

ಶಾಲೆಗೆ ಫೋನ್ ಮಾಡಿದಾಗ ಸೀಟು ಇದೆಯಾ ಅಂತ ಮೊದಲು ಕೇಳಬೇಡಿ. ಎಷ್ಟನೇ ವಯಸ್ಸಿಗೆ ಮಕ್ಕಳು ನಿಮ್ಮಲ್ಲಿಂದ ಹೊರಡುತ್ತಾರೆ, ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿ. ಆಮೇಲೆ ದುಡ್ಡು ಯಾರದು: ನಮ್ಮದೋ, ಸರ್ಕಾರದ್ದೋ, ಎರಡೂ ಸೇರಿಯೋ. ಅರ್ಜಿ ಶುಲ್ಕ, ಡೆಪಾಸಿಟ್ ವಾಪಸ್ ಬರುತ್ತಾ? ಅರ್ಜಿ ಶುಲ್ಕ ಸಾಮಾನ್ಯವಾಗಿ ಬರುವುದಿಲ್ಲ, ಹಾಗಾಗಿ ಹತ್ತು ಕಡೆ ಹಾಕಬೇಡಿ. ಬಿಡಿಸುವುದಾದರೆ ಎಷ್ಟು ಮುಂಚೆ ಹೇಳಬೇಕು ಅನ್ನುವುದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಕಂಪನಿ ವರ್ಗಾವಣೆಯ ಮೇಲೆ ಬಂದವರು ಇದನ್ನು ಎರಡು ಸಲ ಓದಿ, ಯಾಕೆಂದರೆ ನಿಮ್ಮ ಮ್ಯಾನೇಜರ್ ಒಂದು ಟರ್ಮ್ ಮುಂಚೆ ಹೇಳುವುದಿಲ್ಲ.

ಊರು ಬಿಡುವ ಮೊದಲು ಈಗಿನ ಶಾಲೆಯಿಂದ ಎರಡು ವರ್ಷದ ಮಾರ್ಕ್ಸ್ ಕಾರ್ಡು, ಕ್ಲಾಸ್ ಟೀಚರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ, ಲಸಿಕೆ ಹಾಕಿಸಿದ ದಾಖಲೆ ತೆಗೆದಿಟ್ಟುಕೊಳ್ಳಿ. ಆ ಪತ್ರದಲ್ಲಿ ‘ಗುಡ್ ಬಾಯ್’ ಅಂತಷ್ಟೇ ಇದ್ದರೆ ಪ್ರಯೋಜನವಿಲ್ಲ. ಏನು ಓದುತ್ತಾನೆ, ಯಾವುದರಲ್ಲಿ ಹಿಂದೆ, ಏನು ಆಡುತ್ತಾನೆ ಅಂತ ಬರೆಸಿ.

ಯೂನಿಫಾರ್ಮ್ ಮಾತ್ರ ಹೊಸದು ತರಬೇಡಿ. ಎಷ್ಟೋ ಶಾಲೆಗಳಲ್ಲಿ ಪೋಷಕರೇ ನಡೆಸುವ ಸೆಕೆಂಡ್‌ಹ್ಯಾಂಡ್ ಅಂಗಡಿ ಇರುತ್ತದೆ, ಒಳ್ಳೆಯ ಬಟ್ಟೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ನಾವು ಬೆಳೆಯುವ ಮಗ ಅಂತ ಎರಡು ಸೈಜ್ ದೊಡ್ಡದಾದ ಹೊಸ ಬ್ಲೇಜರ್ ತಂದಿದ್ದೆವು. ಅವನಿಗೆ ಅದು ಸರಿಯಾಗಿ ಕೂರುವ ಹೊತ್ತಿಗೆ ಶಾಲೆ ಬಿಟ್ಟು ಒಂದು ವರ್ಷವಾಗಿತ್ತು.